ನಲವತ್ತು ಅಡಿಯ ಹಳೆಯ ಟ್ರೇಲರನ್ನು ಮತ್ತೆ ಕಟ್ಟಿದ ಕೆಲಸ

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಿಂದ ಬೆಂಗಳೂರಿನ ಕಡೆಗೆ ಉಕ್ಕಿನ ಕಾಯಿಲ್ (ಸುರುಳಿ ಸುತ್ತಿದ ತಗಡು), ಪ್ಲೇಟ್ ಮತ್ತು ಸರಳು ಸಾಗಿಸುವ ನಮ್ಮ ಟ್ರೇಲರ್‌ಗಳ ಪೈಕಿ ಎಲ್ಲಕ್ಕಿಂತ ಹಳೆಯದು 2009ರಲ್ಲಿ ಹೊಸಪೇಟೆಯಲ್ಲಿ ನೋಂದಣಿಯಾದ, ನಲವತ್ತು ಅಡಿ ಉದ್ದದ, ಮೂರು ಆಕ್ಸಲ್‌ಗಳ ಫ್ಲಾಟ್‌ಬೆಡ್. ಹನ್ನೆರಡು ಟೈರುಗಳ ಮೇಲೆ ನಿಲ್ಲುವ ಇದನ್ನು ನನ್ನ ತಂದೆಯವರು ಕೊಂಡ ಕಾಲದಲ್ಲಿ ಜಿಲ್ಲೆಯ ತುಂಬ ಅದಿರಿನ ಟಿಪ್ಪರ್‌ಗಳೇ ಓಡಾಡುತ್ತಿದ್ದವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಟಿಪ್ಪರ್ ಇಟ್ಟುಕೊಂಡಿದ್ದ ಅನೇಕರು ಕಂತು ಕಟ್ಟಲಾಗದೆ ಗಾಡಿ ಬಿಟ್ಟುಕೊಟ್ಟರು. ಉಕ್ಕು ಸಾಗಿಸುತ್ತಿದ್ದ ನಮ್ಮಂಥವರು ಹೇಗೋ ಉಳಿದುಕೊಂಡೆವು. ಆ ವರ್ಷಗಳಲ್ಲಿ ಮನೆಯ ಖರ್ಚನ್ನು ನಡೆಸಿದ್ದು ಇದೇ ಟ್ರೇಲರ್. ಆದ್ದರಿಂದ ಅದರ ಕುತ್ತಿಗೆಯ ಬಳಿ ಬಿರುಕು ಬಿಟ್ಟಿದೆ ಎಂದು ಚಾಲಕರು ಹೇಳಿದಾಗ, ಅದನ್ನು ಗುಜರಿಗೆ ಹಾಕುವ ಮಾತು ನಮ್ಮ ಬಾಯಲ್ಲಿ ಸುಲಭವಾಗಿ ಬರಲಿಲ್ಲ.

ಆದರೆ ಮಮತೆಯೊಂದನ್ನೇ ನಂಬಿ ಹಣ ಹಾಕುವಂತಿರಲಿಲ್ಲ. ಗುಜರಿ ವ್ಯಾಪಾರಿಯವರು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದರು. ಹೊಸ ಟ್ರೇಲರ್ ಕಟ್ಟಿಸಲು ನಾಮಕ್ಕಲ್ ಕಡೆಯಿಂದ ದರ ತರಿಸಿಕೊಂಡೆ. ಇವೆರಡರ ನಡುವೆ ನಮ್ಮ ಟ್ರೇಲರಿನಲ್ಲಿ ನಿಜವಾಗಿ ಉಳಿದಿರುವುದೇನು ಎಂದು ತಿಳಿಯದೆ ಯಾವ ತೀರ್ಮಾನವೂ ಸಾಧ್ಯವಿರಲಿಲ್ಲ. ಟ್ರೇಲರಿನ ಬೆಲೆಯೆಲ್ಲ ಇರುವುದು ಮೂರು ಭಾಗಗಳಲ್ಲಿ: ಉದ್ದಕ್ಕೂ ಹಾದುಹೋಗುವ ಎರಡು ಬೀಮುಗಳು, ಮುಂದೆ ಪುಲ್ಲರಿಗೆ (ಟ್ರೇಲರನ್ನು ಎಳೆಯುವ ಇಂಜಿನ್ ಗಾಡಿಗೆ) ಕಚ್ಚಿಕೊಳ್ಳುವ ಕಿಂಗ್ ಪಿನ್, ಹಿಂದೆ ಆಕ್ಸಲ್ ಮತ್ತು ಕಮಾನುಗಳ (ಪಟ್ಟಿ ಸ್ಪ್ರಿಂಗುಗಳ) ಜೋಡಣೆ. ನೆಲಹಾಸು, ದೀಪ, ಬಣ್ಣ, ಮಡ್‌ಗಾರ್ಡ್ ಎಲ್ಲವನ್ನೂ ಯಾವಾಗ ಬೇಕಾದರೂ ಹೊಸದಾಗಿ ಹಾಕಿಸಬಹುದು. ಹೀಗಾಗಿ ಮೊದಲು ಪೂರ್ತಿ ಬಿಚ್ಚಿ ನೋಡುವುದು, ಆಮೇಲೆ ಮಾತಾಡುವುದು ಎಂದು ನಮ್ಮ ವೆಲ್ಡಿಂಗ್ ಮೇಸ್ತ್ರಿಯವರೊಂದಿಗೆ ಒಪ್ಪಂದವಾಯಿತು. ಅವರು ಹೊಸಪೇಟೆಯ ಬೈಪಾಸ್ ಪಕ್ಕದ ಗ್ಯಾರೇಜಿನಲ್ಲಿ ನನ್ನ ತಂದೆಯವರ ಕಾಲದಿಂದಲೂ ನಮ್ಮ ಗಾಡಿಗಳನ್ನು ನೋಡಿಕೊಂಡು ಬಂದವರು.

ಪುಲ್ಲರನ್ನು ಬಿಡಿಸಿ, ಟ್ರೇಲರನ್ನು ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ದಪ್ಪ ಕಬ್ಬಿಣದ ಸ್ಟ್ಯಾಂಡುಗಳಿಗೆ ಏರಿಸಿ ನಿಲ್ಲಿಸಿದೆವು. ಜಾಕಿನ ಮೇಲೆ ನಿಂತ ಟ್ರೇಲರಿನ ಕೆಳಗೆ ಯಾರೂ ಹೋಗಕೂಡದು, ಸ್ಟ್ಯಾಂಡಿನ ಮೇಲೆ ಕೂತ ಮೇಲೆಯೇ ಹೋಗಬೇಕು ಎಂಬ ನಿಯಮವನ್ನು ಮೇಸ್ತ್ರಿಯವರು ತಮ್ಮ ಹುಡುಗರಿಗೆ ಎಷ್ಟು ಕಟ್ಟುನಿಟ್ಟಾಗಿ ಕಲಿಸಿದ್ದಾರೆಂದರೆ, ಕೈಜಾರಿದ ಸ್ಪ್ಯಾನರ್ ತರಲು ಸಹ ಅವರು ಒಳಗೆ ನುಗ್ಗುವುದಿಲ್ಲ. ನೆಲಹಾಸಿನ ಚೆಕ್ಕರ್ ಪ್ಲೇಟನ್ನು ಗ್ಯಾಸ್ ಕಟರಿನಿಂದ ಬಿಡಿಸಿ ತೆಗೆದಾಗ ಅದರಡಿಯಲ್ಲಿ ಹದಿನೈದು ವರ್ಷಗಳ ಕೆಂಪು ಮಣ್ಣು, ಅದಿರಿನ ಧೂಳು, ಮಳೆ ನೀರು ಸೇರಿ ಗಟ್ಟಿಯಾದ ಹೆಂಟೆಗಳು ಬೀಮಿನ ಮೇಲೆಲ್ಲ ಕೂತಿದ್ದವು. ತೇವ ಹಿಡಿದಿಟ್ಟುಕೊಳ್ಳುವ ಈ ಮಣ್ಣಿನ ಅಡಿಯಲ್ಲಿಯೇ ತುಕ್ಕು ಹೆಚ್ಚು ತಿಂದಿರುತ್ತದೆ. ಹೈ ಪ್ರೆಷರ್ ನೀರಿನಿಂದ ತೊಳೆದು, ಒಣಗಿಸಿ, ವೈರ್ ಬ್ರಷ್ ಹಾಕಿ, ಸಣ್ಣ ಸುತ್ತಿಗೆಯಿಂದ ಅಂಗುಲ ಅಂಗುಲ ತಟ್ಟುತ್ತಾ ಹೋದೆವು. ಗಟ್ಟಿ ಉಕ್ಕು ಕಿಣಿ ಎನ್ನುತ್ತದೆ. ತುಕ್ಕಿನ ಪದರ ಎದ್ದಿರುವಲ್ಲಿ ಸದ್ದು ಡಬ್ ಎಂದು ಸತ್ತುಹೋಗುತ್ತದೆ. ಅಂಥ ಜಾಗಗಳಿಗೆಲ್ಲ ಸೀಮೆಸುಣ್ಣದಿಂದ ಸುತ್ತು ಹಾಕಿದೆವು.

ಇದರ ನಡುವೆ ನಾನು ಖುದ್ದಾಗಿ ನಿಂತು ಕಾಪಾಡಿದ್ದು ಚಾಸಿ ಸಂಖ್ಯೆಯನ್ನು. ಟ್ರೇಲರಿಗೆ ಪುಲ್ಲರಿನ ಹಂಗಿಲ್ಲದ ತನ್ನದೇ ಆರ್‌ಸಿ, ತನ್ನದೇ ನೋಂದಣಿ ಸಂಖ್ಯೆ ಇರುತ್ತದೆ, ಮತ್ತು ಬೀಮಿನ ಮೇಲೆ ಹೊಡೆದಿರುವ ಆ ಸಂಖ್ಯೆ ಅಳಿಸಿದರೆ ಅದರ ಗುರುತೇ ಅಳಿಸಿದಂತೆ. ಗ್ರೈಂಡರ್ ಹಿಡಿದ ಹುಡುಗರಿಗೆ ಸಂಖ್ಯೆ ಯಾವುದು, ತುಕ್ಕು ಯಾವುದು ಎಂಬ ಭೇದ ಕಾಣುವುದಿಲ್ಲ. ಅದರ ಮೇಲೆ ಗ್ರೀಸ್ ಬಳಿದು, ತಗಡಿನ ತುಂಡೊಂದನ್ನು ಕಟ್ಟಿ ಮುಚ್ಚಿದ ಮೇಲೆಯೇ ಗ್ರೈಂಡರ್ ಚಾಲೂ ಮಾಡಲು ಬಿಟ್ಟೆ.

ತೊಳೆದ ಬೀಮುಗಳು ಕಣ್ಣಿಗೆ ಬಿದ್ದ ಮೇಲೆ ಕಥೆ ಅರ್ಥವಾಗತೊಡಗಿತು. ಕಂಡ ಬಿರುಕು ಒಂದೇ ಆದರೂ ಒಟ್ಟಿಗೆ ಮೂರು ಇದ್ದವು. ಮುಂದೆ, ಕಿಂಗ್ ಪಿನ್ ಇರುವ ತೆಳು ಭಾಗವು ಕೆಳಗಿಳಿದು ಆಳವಾದ ಬೀಮಾಗುವ ಬಾಗುವಿಕೆಯನ್ನು ನಾವು ಕುತ್ತಿಗೆ ಎನ್ನುತ್ತೇವೆ. ಅಲ್ಲಿ ಎಡಗಡೆಯ ಬೀಮಿನ ಕೆಳಗಿನ ಫ್ಲೇಂಜ್, ಅಂದರೆ ಅಡಿಯ ಅಗಲ ಪಟ್ಟಿ, ಅಡ್ಡಲಾಗಿ ಸೀಳಿ, ಸೀಳು ಅದರ ಮೇಲೆ ನೆಟ್ಟಗೆ ನಿಂತಿರುವ ವೆಬ್ ಪ್ಲೇಟಿಗೂ ಏರಿತ್ತು. ಉಳಿದೆರಡು ಇದ್ದದ್ದು ಟ್ರೇಲರಿನ ನಡುಭಾಗದಲ್ಲಿ, ಹಿಂದೆ ಬೇರೊಂದು ಗ್ಯಾರೇಜಿನಲ್ಲಿ ಹಾಕಿಸಿದ್ದ ದಪ್ಪ ತೇಪೆ ಪ್ಲೇಟುಗಳ ಅಂಚಿನಲ್ಲಿ, ಗೆರೆ ಹೊಡೆದಂತೆ ನೇರವಾಗಿ. ಸವೆದ ಧೋತರಕ್ಕೆ ದಪ್ಪ ತೇಪೆ ಹೊಲಿದರೆ ಮುಂದೆ ಹರಿಯುವುದು ತೇಪೆಯಲ್ಲ, ತೇಪೆಯ ಅಂಚಿನ ಬಟ್ಟೆ. ಉಕ್ಕಿನದೂ ಅದೇ ಸ್ವಭಾವ. ಭಾರ ಬಿದ್ದಾಗ ಬೀಮು ಉದ್ದಕ್ಕೂ ಒಂದೇ ಸಮನೆ ಬಾಗಬೇಕು. ನಡುವೆ ನಾಲ್ಕು ಅಡಿಯಷ್ಟು ಜಾಗ ಏಕಾಏಕಿ ಎರಡು ಪಟ್ಟು ಗಟ್ಟಿಯಾದರೆ ಆ ತುಂಡು ಬಾಗುವುದಿಲ್ಲ, ಬಾಗುವ ಶ್ರಮವೆಲ್ಲ ಅದರ ತುದಿಗೆ ಬಂದು ನಿಲ್ಲುತ್ತದೆ. ತುದಿಯಲ್ಲಿ ಅಡ್ಡಲಾಗಿ ಎಳೆದ ವೆಲ್ಡಿಂಗ್ ಗೆರೆಯೂ ಇದ್ದರಂತೂ ಬಿರುಕಿಗೆ ದಾರಿ ತೋರಿಸಿಕೊಟ್ಟಂತೆ.

ಇದಕ್ಕೆ ಮೊದಲು ಬೀಮು ಸೋತದ್ದಾದರೂ ಏಕೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ಮಾಲಿನಲ್ಲಿತ್ತು. ಫ್ಲಾಟ್‌ಬೆಡ್ ಕಟ್ಟುವವರು ಭಾರ ಇಡೀ ಉದ್ದಕ್ಕೆ ಹರಡಿಕೊಂಡಿರುತ್ತದೆ ಎಂದು ಎಣಿಸಿ ಲೆಕ್ಕ ಹಾಕುತ್ತಾರೆ. ಸರಳು, ಸಿಮೆಂಟ್ ಮೂಟೆಗಳ ಮಟ್ಟಿಗೆ ಅದು ಸರಿ. ಕಾಯಿಲ್ ಹಾಗಲ್ಲ, ಇಪ್ಪತ್ತೈದು ಟನ್ನಿನ ಒಂದು ಕಾಯಿಲ್ ಒಂದೆರಡು ಅಡಿಯ ಜಾಗದ ಮೇಲೆ ಕೂರುತ್ತದೆ. ಕಿಂಗ್ ಪಿನ್‌ಗೂ ಹಿಂದಿನ ಆಕ್ಸಲ್‌ಗಳ ನಡುಬಿಂದುವಿಗೂ ಎಂಟು ಮೀಟರ್ ಅಂತರವಿದೆ ಎಂದು ಇಟ್ಟುಕೊಂಡರೆ, ಸರಿಯಾಗಿ ನಡುವೆ ಕೂತ 25 ಟನ್ ಭಾರ ಬೀಮುಗಳನ್ನು 50 ಟನ್-ಮೀಟರ್‌ನಷ್ಟು ಬಾಗಿಸಲೆಳಸುತ್ತದೆ. ಅದೇ 25 ಟನ್ ಆ ಎಂಟು ಮೀಟರಿಗೆ ಸಮನಾಗಿ ಹರಡಿದ್ದರೆ 25 ಟನ್-ಮೀಟರ್ ಮಾತ್ರ. ವೇ ಬ್ರಿಡ್ಜಿನಲ್ಲಿ ಎರಡೂ ಲೋಡುಗಳಿಗೆ ಒಂದೇ ಚೀಟಿ ಬರುತ್ತದೆ, ಬೀಮಿಗೆ ಮಾತ್ರ ಒಂದು ಇನ್ನೊಂದರ ಎರಡರಷ್ಟು. ಇದನ್ನು ನಾನು ಕಾಗದದ ಮೇಲೆ ಬರೆದು ತೋರಿಸಿದಾಗ ಮೇಸ್ತ್ರಿಯವರು ತಲೆಯಾಡಿಸಿ, ಕಾಯಿಲ್ ಹೊರುವ ಗಾಡಿಗಳೆಲ್ಲ ಇದೇ ಜಾಗದಲ್ಲಿ ಬಿರುಕು ಬಿಡುವುದನ್ನು ತಾವು ಬಹಳ ಕಾಲದಿಂದ ನೋಡುತ್ತಿರುವುದಾಗಿ ಹೇಳಿದರು.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನು ಏರಿಸಿತು. ಟ್ರೇಲರಿನ ಮೂರು ಆಕ್ಸಲ್‌ಗಳ ಗುಂಪಿಗೆ 24 ಟನ್ ಇದ್ದದ್ದು 27 ಟನ್ ಆಯಿತು. ಲಾರಿ ಮಾಲೀಕರಲ್ಲಿ ಹಲವರಿಗೆ ಇದು ಸಂತಸದ ಸುದ್ದಿ. ಆದರೆ 24 ಟನ್ನಿನ ಲೆಕ್ಕದಲ್ಲಿ 2009ರಲ್ಲಿ ಬೆಸೆದ ಬೀಮಿಗೆ ಆ ಅಧಿಸೂಚನೆಯಿಂದ ಒಂದು ಮಿಲಿಮೀಟರ್ ಉಕ್ಕೂ ಹೆಚ್ಚು ಸೇರುವುದಿಲ್ಲ. ಮತ್ತೆ ಕಟ್ಟಿದ ಮೇಲೂ ಈ ಟ್ರೇಲರಿನಲ್ಲಿ ಹಳೆಯ ಆರ್‌ಸಿಯ ತೂಕವನ್ನು ದಾಟುವುದಿಲ್ಲ ಎಂದು ಕೆಲಸ ಆರಂಭವಾಗುವ ಮೊದಲೇ ನಾನು ತೀರ್ಮಾನಿಸಿದ್ದೆ, ಇಂದಿಗೂ ಅದನ್ನು ಪಾಲಿಸುತ್ತಿದ್ದೇನೆ.

ಬೀಮುಗಳಿಗೆ ಕೈ ಹಾಕುವ ಮೊದಲು ಆಕ್ಸಲ್, ಕಮಾನು, ಬ್ರೇಕ್, ಹವಾ ಟ್ಯಾಂಕ್, ಪೈಪುಗಳನ್ನೆಲ್ಲ ಇಳಿಸಿದೆವು. ಈ ಹಂತದಲ್ಲಿ ಅಪಾಯ ಹೆಚ್ಚಿರುವುದು ಸ್ಪ್ರಿಂಗ್ ಬ್ರೇಕ್ ಚೇಂಬರಿನಲ್ಲಿ. ಹವಾ ಹೋದಾಗ ಬ್ರೇಕನ್ನು ತಾನೇ ಹಿಡಿಯಲೆಂದು ಅದರ ಹಿಂದಿನ ಅರ್ಧದಲ್ಲಿ ಭಾರಿ ಸ್ಪ್ರಿಂಗೊಂದನ್ನು ಅದುಮಿ ಕೂರಿಸಿರುತ್ತಾರೆ. ತುಕ್ಕು ಹಿಡಿದ ಕ್ಲ್ಯಾಂಪ್ ಬಿಚ್ಚಲು ಹೋಗಿ ಆ ಸ್ಪ್ರಿಂಗ್ ಸಿಡಿದರೆ ಎದುರಿಗಿದ್ದವರು ಬದುಕುವುದು ಕಷ್ಟ. ಜೊತೆಗೆ ಬರುವ ಉದ್ದನೆಯ ಬೋಲ್ಟನ್ನು ಹಿಂಬದಿಯ ರಂಧ್ರದಲ್ಲಿ ತೂರಿಸಿ, ತಿರುಗಿಸಿ, ಸ್ಪ್ರಿಂಗನ್ನು ಒಳಕ್ಕೆ ಎಳೆದು ಬಂಧಿಸಿದ ಮೇಲೆಯೇ ಚೇಂಬರನ್ನು ಆಕ್ಸಲಿನಿಂದ ಕಳಚಬೇಕು, ಮತ್ತು ಸ್ಪ್ರಿಂಗ್ ಇರುವ ಭಾಗವನ್ನು ಎಂದಿಗೂ ಬಿಚ್ಚಬಾರದು. ಹಳೆಯವನ್ನು ಗುಜರಿಗೆ ಕೊಡುವಾಗಲೂ ಬೋಲ್ಟ್ ಹಾಕಿಯೇ ಕೊಟ್ಟೆವು, ಏಕೆಂದರೆ ಅಲ್ಲಿ ಗ್ಯಾಸ್ ಕಟರ್ ಹಿಡಿಯುವ ಹುಡುಗನಿಗೆ ಒಳಗೇನಿದೆ ಎಂದು ಗೊತ್ತಿರುವುದಿಲ್ಲ.

ಇನ್ನು ಬಿರುಕಿನ ಕೆಲಸ. ಹಳೆಯ ತೇಪೆಗಳನ್ನೆಲ್ಲ ಕತ್ತರಿಸಿ ತೆಗೆದೆವು. ಇದೇ ಬಹಳ ಹೊತ್ತು ಹಿಡಿದ, ಸಹನೆ ಬೇಡಿದ ಕೆಲಸ. ಕಟರಿನ ಜ್ವಾಲೆ ಮೂಲ ಫ್ಲೇಂಜಿಗೆ ತಾಗದಂತೆ ತೇಪೆಯ ವೆಲ್ಡಿಂಗನ್ನು ಮಾತ್ರ ಕೊರೆದು, ಉಳಿದದ್ದನ್ನು ಗ್ರೈಂಡರಿನಿಂದ ಸವೆಸಿ, ಹಳೆಯ ಉಕ್ಕು ಮತ್ತೆ ಬೆಳಕಿಗೆ ಬರುವವರೆಗೆ ಮೇಸ್ತ್ರಿಯವರೇ ಕೂತು ಮಾಡಿದರು. ಆಮೇಲೆ ಬಿರುಕಿನ ತುದಿ ಹುಡುಕಬೇಕು. ಬರಿಗಣ್ಣಿಗೆ ಬಿರುಕು ಮುಗಿದಂತೆ ಕಾಣುವ ಜಾಗ ಸಾಮಾನ್ಯವಾಗಿ ಅದರ ನಿಜವಾದ ತುದಿ ಆಗಿರುವುದಿಲ್ಲ. ಅದಕ್ಕೆ ಡೈ ಪೆನೆಟ್ರಂಟ್ ಎಂಬ ಮೂರು ಡಬ್ಬಗಳ ಸ್ಪ್ರೇ ತರಿಸಿದ್ದೆ. ಕ್ಲೀನರ್ ಹೊಡೆದು ಒರೆಸಿ, ಕೆಂಪು ದ್ರವ ಸಿಂಪಡಿಸಿ, ಅದು ಸಂದುಗಳಿಗೆ ಇಳಿಯಲು ಹೊತ್ತು ಕೊಟ್ಟು, ಮೇಲಿನದನ್ನು ಬಟ್ಟೆಯಿಂದ ಒರೆಸಿ ತೆಗೆದು, ಬಿಳಿಯ ಡೆವಲಪರ್ ಹೊಡೆದರೆ, ಬಿರುಕಿನಲ್ಲಿ ಅಡಗಿದ ಕೆಂಪು ಬಿಳಿಯ ಪುಡಿಯ ಮೇಲೆ ಕೂದಲಿನ ಎಳೆಯಂತೆ ನಿಧಾನವಾಗಿ ಮೂಡಿಬರುತ್ತದೆ. ಕುತ್ತಿಗೆಯ ಬಿರುಕು ವೆಬ್ ಪ್ಲೇಟಿನಲ್ಲಿ ನಾವು ಸೀಮೆಸುಣ್ಣ ಹಾಕಿದ್ದ ಜಾಗವನ್ನು ದಾಟಿ ಇನ್ನೂ ಎರಡು ಬೆರಳಿನಷ್ಟು ಮೇಲೇರಿತ್ತು. "ಅಣ್ಣಾ, ಬಿರುಕು ಇಲ್ಲಿಗೆ ನಿಂತಿಲ್ಲ, ಮುಂದಕ್ಕ ಹೋಗೈತಿ ನೋಡ್ರಿ. ಇದನ್ನ ಬಿಟ್ಟು ವೆಲ್ಡಿಂಗ್ ಹೊಡೆದಿದ್ರ ಆರು ತಿಂಗಳದಾಗ ಮತ್ತ ಬಾಯಿ ಬಿಡ್ತಿತ್ತು" ಎಂದರು ಮೇಸ್ತ್ರಿಯವರು. ಆ ಕೆಂಪು ಎಳೆಯ ತುದಿಯಿಂದ ತುಸು ಮುಂದಕ್ಕೆ ಎಂಟು ಮಿಲಿಮೀಟರಿನ ರಂಧ್ರ ಕೊರೆದೆವು. ಬಿರುಕಿನ ಚೂಪಾದ ತುದಿಯಲ್ಲಿ ಒತ್ತಡವೆಲ್ಲ ಒಂದು ಬಿಂದುವಿನಲ್ಲಿ ಸೇರುತ್ತದೆ. ದುಂಡನೆಯ ರಂಧ್ರ ಅದನ್ನು ಸುತ್ತಲೂ ಹಂಚಿ ಬಿರುಕಿನ ಓಟವನ್ನು ತಡೆಯುತ್ತದೆ.

ಖಾಲಿ ಟ್ರೇಲರಿನಲ್ಲಿಯೂ ಬೀಮು ತುಸು ಜೋತಿತ್ತು. ಹೊಸ ಟ್ರೇಲರಿನ ಬೀಮನ್ನು ನೇರವಾಗಿ ಕಟ್ಟುವುದಿಲ್ಲ, ನಡುವೆ ಮೇಲಕ್ಕೆ ಉಬ್ಬಿರುವಂತೆ ಕಟ್ಟುತ್ತಾರೆ; ಲೋಡ್ ಬಿದ್ದಾಗ ಅದು ಸಮಕ್ಕೆ ಬರಬೇಕು. ಕುತ್ತಿಗೆಯಿಂದ ಹಿಂದಿನ ಅಡ್ಡಪಟ್ಟಿಯವರೆಗೆ ತೆಳುವಾದ ತಂತಿ ಬಿಗಿದು ನೋಡಿದಾಗ, ಉಬ್ಬಿರಬೇಕಾದ ಜಾಗದಲ್ಲಿ ಬೀಮು ತಂತಿಗಿಂತ ಕೆಳಗಿತ್ತು. ಬಿರುಕಿನ ಬಾಯಿ ಮುಚ್ಚುವವರೆಗೆ ನಡುವೆ ಜಾಕ್ ಕೊಟ್ಟು ಎತ್ತಿ, ಆ ಸ್ಥಿತಿಯಲ್ಲಿಯೇ ಬೆಸುಗೆ ಮಾಡಬೇಕೆಂದು ತೀರ್ಮಾನಿಸಿದೆವು. ಜೋತ ಸ್ಥಿತಿಯಲ್ಲಿ ಬೆಸೆದರೆ ಜೋತದ್ದೇ ಶಾಶ್ವತವಾಗುತ್ತದೆ.

ಬಿರುಕನ್ನು ಎರಡೂ ಬದಿಯಿಂದ ವಿ ಆಕಾರದಲ್ಲಿ ತೋಡಿದರು. ಮೇಲ್ಮೈಯಲ್ಲಿ ಮಾತ್ರ ವೆಲ್ಡಿಂಗ್ ಎಳೆದರೆ ಒಳಗೆ ಬಿರುಕು ಹಾಗೆಯೇ ಉಳಿಯುತ್ತದೆ, ಆದ್ದರಿಂದ ಪ್ಲೇಟಿನ ಪೂರ್ತಿ ದಪ್ಪಕ್ಕೆ ಬೆಸುಗೆ ಇಳಿಯಬೇಕು. ವೆಲ್ಡಿಂಗ್ ರಾಡಿನ ವಿಚಾರದಲ್ಲಿ ನಾನು ಪಟ್ಟು ಹಿಡಿದೆ. ನಮ್ಮ ಗ್ಯಾರೇಜುಗಳಲ್ಲಿ ದಿನನಿತ್ಯ ಬಳಸುವುದು 6013 ರಾಡು. ಸುಲಭವಾಗಿ ಹತ್ತಿಕೊಳ್ಳುತ್ತದೆ, ಗೆರೆ ನುಣುಪಾಗಿ ಬರುತ್ತದೆ, ಗೇಟು ಗ್ರಿಲ್ಲುಗಳಿಗೆ ಅದು ಸಾಕು. ಭಾರ ಹೊರುವ ಬೀಮಿಗೆ ಬೇಕಾದದ್ದು ಹೈಡ್ರೋಜನ್ ಕಡಿಮೆ ಇರುವ 7018. ತೇವಾಂಶದಿಂದ ಬರುವ ಹೈಡ್ರೋಜನ್ ಬೆಸುಗೆಯೊಳಗೆ ಸೇರಿಕೊಂಡರೆ, ತಣ್ಣಗಾದ ಮೇಲೆ, ಕೆಲವೊಮ್ಮೆ ಮರುದಿನ, ಬೆಸುಗೆಯ ಪಕ್ಕದ ಉಕ್ಕು ಒಳಗೊಳಗೇ ಸೀಳುತ್ತದೆ. ಹೀಗಾಗಿ 7018 ರಾಡುಗಳನ್ನು ಡಬ್ಬದಿಂದ ತೆಗೆದು ಹಾಗೆಯೇ ಬಳಸುವಂತಿಲ್ಲ, ಗಾಳಿ ತಾಗಿದ ರಾಡುಗಳನ್ನು 300ರಿಂದ 350 ಡಿಗ್ರಿ ಶಾಖದಲ್ಲಿ ಒಲೆಯಲ್ಲಿಟ್ಟು ಒಣಗಿಸಿ, ಬಳಸುವವರೆಗೂ ಬಿಸಿಯಾಗಿಯೇ ಇಡಬೇಕು. ಕಾರ್ಖಾನೆಯ ಗುತ್ತಿಗೆ ಕೆಲಸ ಮಾಡುವ ಪರಿಚಯದವರಿಂದ ರಾಡ್ ಓವನ್ ಒಂದನ್ನು ಬಾಡಿಗೆಗೆ ತಂದೆ. ಹುಡುಗರಿಗೆ ಇದು ಅತಿಯೆನಿಸಿತು, ಮೇಸ್ತ್ರಿಯವರಿಗೆ ಅಲ್ಲ.

ಅರ್ಥಿಂಗ್ ಕ್ಲ್ಯಾಂಪನ್ನು ಬೆಸುಗೆಯ ಜಾಗದ ಪಕ್ಕದಲ್ಲಿಯೇ, ಉಜ್ಜಿ ಹೊಳೆಯುವ ಉಕ್ಕಿಗೆ ಹಾಕಿದರು. ಆಕ್ಸಲ್‌ಗಳು ಜೋಡಿಸಿದ್ದಾಗ ದೂರದಲ್ಲೆಲ್ಲೋ ಚಕ್ರಕ್ಕೆ ಅರ್ಥಿಂಗ್ ಕೊಟ್ಟು ಬೀಮಿಗೆ ವೆಲ್ಡಿಂಗ್ ಮಾಡುವುದನ್ನು ನಾನು ಹೆದ್ದಾರಿಯ ಅನೇಕ ಅಂಗಡಿಗಳಲ್ಲಿ ಕಂಡಿದ್ದೇನೆ. ಕರೆಂಟು ಬೇರಿಂಗ್‌ಗಳ ಮೂಲಕ ಹಾಯ್ದು ಅವುಗಳ ಮೇಲ್ಮೈಯನ್ನು ಕಚ್ಚಿ ಹಾಳುಮಾಡುತ್ತದೆ, ಸಾವಿರಾರು ಕಿಲೋಮೀಟರ್ ಆದ ಮೇಲೆ ಬೇರಿಂಗ್ ಕೂಗಿದಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ. ಸುತ್ತಲಿನ ಉಕ್ಕನ್ನು ಕೈ ಇಡಲಾಗದಷ್ಟು ಬಿಸಿ ಮಾಡಿ, ಒಂದು ಪದರ ಹೊಡೆದು, ಕಿಟ್ಟ ಕೆತ್ತಿ, ವೈರ್ ಬ್ರಷ್ ಹಾಕಿ, ನೋಡಿ, ಮುಂದಿನ ಪದರಕ್ಕೆ ಹೋದರು. ಕುತ್ತಿಗೆಯಲ್ಲಿ ತುಕ್ಕು ತಿಂದು ತೆಳುವಾಗಿದ್ದ ಫ್ಲೇಂಜಿನ ಒಂದು ತುಂಡನ್ನು ಪೂರ್ತಿ ಕತ್ತರಿಸಿ, ಭಾರತೀಯ ಮಾನಕ ಐಎಸ್ 2062ರ ಗುಣಮಟ್ಟದ, ಅದೇ ದಪ್ಪದ ಹೊಸ ಪ್ಲೇಟ್ ಕೂರಿಸಿದೆವು. ಅದಕ್ಕಿಂತ ದಪ್ಪದ್ದನ್ನು ಹಾಕಬಾರದೆ ಎಂದು ಅಲ್ಲಿಗೆ ಬಂದ ಲಾರಿ ಮಾಲೀಕರೊಬ್ಬರು ಕೇಳಿದರು. ಹಳೆಯ ತೇಪೆಯ ಅಂಚಿನ ಬಿರುಕನ್ನು ಅವರಿಗೆ ತೋರಿಸಿದೆ.

ಬೆಸುಗೆ ಆರಿದ ಮೇಲೆ ಉಬ್ಬನ್ನು ಗ್ರೈಂಡರಿನಿಂದ ಸಮ ಮಾಡಿದರು. ಇಲ್ಲಿ ನಾನು ಕಲಿತ ಸೂಕ್ಷ್ಮವೊಂದಿದೆ. ಗ್ರೈಂಡರಿನ ಗೀರುಗಳು ಬೀಮಿನ ಉದ್ದಕ್ಕೆ ಹಾಯಬೇಕು, ಅಡ್ಡಕ್ಕೆ ಹಾಯಬಾರದು. ಭಾರ ಬಿದ್ದಾಗ ಕೆಳಗಿನ ಫ್ಲೇಂಜ್ ಉದ್ದುದ್ದಕ್ಕೆ ಎಳೆತಕ್ಕೆ ಸಿಗುತ್ತದೆ, ಆ ಎಳೆತಕ್ಕೆ ಅಡ್ಡಲಾಗಿ ಬಿದ್ದ ಪ್ರತಿ ಗೀರೂ ಮುಂದಿನ ಬಿರುಕಿನ ಬೀಜ. ಕೊನೆಯ ಹಂತದಲ್ಲಿ ಮೇಸ್ತ್ರಿಯವರು ಗ್ರೈಂಡರಿನ ಕಲ್ಲು ತೆಗೆದು, ಉಜ್ಜುಕಾಗದದ ಫ್ಲಾಪ್ ಡಿಸ್ಕ್ ಹಾಕಿ, ಬೀಮಿನ ಉದ್ದಕ್ಕೆ ಕೈಯಾಡಿಸುತ್ತಾ ಮೇಲ್ಮೈ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದರು; ಬೆರಳು ಸವರಿದರೆ ಹೊಸ ಪ್ಲೇಟ್ ಎಲ್ಲಿ ಮುಗಿದು ಹಳೆಯದು ಎಲ್ಲಿ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ಮತ್ತೊಮ್ಮೆ ಡೈ ಹೊಡೆದು ನೋಡಿದೆವು, ಬಿಳಿಯ ಮೇಲೆ ಕೆಂಪು ಎಲ್ಲಿಯೂ ಮೂಡಲಿಲ್ಲ. ನಡುಭಾಗಕ್ಕೆ ಬಲ ಕೊಡಲೇಬೇಕಿದ್ದ ಕಡೆ ವೆಬ್ ಪ್ಲೇಟಿಗೆ ಮಾತ್ರ, ಎರಡೂ ತುದಿ ಉದ್ದವಾಗಿ ಚೂಪಾಗುತ್ತ ಹೋಗುವ ಪ್ಲೇಟುಗಳನ್ನು ಹಾಕಿದೆವು. ಬಲ ಒಮ್ಮೆಲೇ ಶುರುವಾಗದೆ ಮೆಲ್ಲನೆ ಏರಿ ಮೆಲ್ಲನೆ ಇಳಿಯಲಿ ಎಂಬುದು ಅದರ ಉದ್ದೇಶ. ಕೆಳಗಿನ ಫ್ಲೇಂಜಿಗೆ ಅಡ್ಡಲಾಗಿ ಒಂದು ಗೆರೆ ವೆಲ್ಡಿಂಗನ್ನೂ ಹೆಚ್ಚುವರಿಯಾಗಿ ಬಿಡಲಿಲ್ಲ.

ಉಳಿದ ಜೋಲನ್ನು ಬೆಂಕಿಯಿಂದ ತಿದ್ದಿದರು. ಜಾಕ್ ನಡುವೆ ಒತ್ತಿ ಹಿಡಿದಿರುವಾಗ ಕೆಳಗಿನ ಫ್ಲೇಂಜನ್ನು ಅಡ್ಡಪಟ್ಟೆಯಾಗಿಯೂ, ಅದರ ಮೇಲಿನ ವೆಬ್ ಪ್ಲೇಟನ್ನು ತ್ರಿಕೋನಾಕಾರದಲ್ಲಿಯೂ ಕಾಯಿಸುತ್ತಾರೆ, ತ್ರಿಕೋನದ ಚೂಪು ಮೇಲಕ್ಕೆ, ಅಗಲ ಕೆಳಕ್ಕೆ. ಕಾದ ಉಕ್ಕು ಹಿಗ್ಗಲು ಜಾಗವಿಲ್ಲದೆ ತನ್ನಲ್ಲೇ ದಪ್ಪಗಾಗುತ್ತದೆ, ಆರುವಾಗ ಮೊದಲಿಗಿಂತ ಕುಗ್ಗುತ್ತದೆ, ಕೆಳಗಿನ ಅಂಚು ಕುಗ್ಗಿದಷ್ಟೂ ಬೀಮು ಮೇಲಕ್ಕೆ ಉಬ್ಬುತ್ತದೆ. ಶಾಖ 650 ಡಿಗ್ರಿ ದಾಟಬಾರದು. ಉಕ್ಕು ಮಂದ ಕೆಂಪಿಗೆ ತಿರುಗುತ್ತಿದ್ದಂತೆ ಜ್ವಾಲೆ ತೆಗೆಯಬೇಕು. ಕೆಲಸ ಬೇಗ ಮುಗಿಯಲೆಂದು ನೀರು ಹೊಯ್ಯುವ ಅಭ್ಯಾಸ ನಮ್ಮ ಕಡೆ ಇದೆ. ಮೇಸ್ತ್ರಿಯವರು ಹೊಯ್ಯಲಿಲ್ಲ, ಸಂಜೆ ಕಾಯಿಸಿ, ರಾತ್ರಿಯಿಡೀ ಆರಲು ಬಿಟ್ಟು, ಬೆಳಗ್ಗೆ ತಂತಿ ಹಿಡಿದು ಅಳೆದು, ಬೇಕಿದ್ದರೆ ಪಕ್ಕದ ಜಾಗಕ್ಕೆ ಹೋಗುತ್ತಿದ್ದರು. ತಂತಿ ಮತ್ತು ಬೀಮಿನ ನಡುವಿನ ಸಂದು ದಿನದಿಂದ ದಿನಕ್ಕೆ ತಿದ್ದಿಕೊಳ್ಳುತ್ತ ಹೋದದ್ದನ್ನು ಕಣ್ಣಾರೆ ಕಂಡದ್ದು ಈ ಇಡೀ ಕೆಲಸದಲ್ಲಿ ನನಗೆ ತುಂಬ ಸಂತೋಷ ಕೊಟ್ಟಿತು.

ಕಿಂಗ್ ಪಿನ್ ವಿಷಯದಲ್ಲಿ ಚರ್ಚೆಗೆ ಅವಕಾಶವೇ ಇರಲಿಲ್ಲ. ಎರಡು ಅಂಗುಲದ ಪಿನ್ನಿನ ಕೊರಳು ಹೊಸದಿದ್ದಾಗ 50.8 ಮಿಲಿಮೀಟರ್, ಸವೆದು 49ಕ್ಕೆ ಬಂದರೆ ಬದಲಿಸಬೇಕು. ವರ್ನಿಯರ್ ಹಿಡಿದಾಗ ನಮ್ಮದು ಆ ಮಿತಿಯನ್ನು ದಾಟಿ ಸವೆದಿತ್ತು. ಸವೆದ ಪಿನ್ನಿಗೆ ವೆಲ್ಡಿಂಗ್ ತುಂಬಿಸಿ ಲೇತಿನಲ್ಲಿ ತಿರುಗಿಸಿ ಕೊಡುವವರಿದ್ದಾರೆ, ಖರ್ಚೂ ಕಡಿಮೆ. ಆದರೆ ಅದು ಶಾಖ ಸಂಸ್ಕಾರ ಮಾಡಿ ಗಟ್ಟಿಗೊಳಿಸಿದ ಮಿಶ್ರ ಉಕ್ಕು. ವೆಲ್ಡಿಂಗ್ ತುಂಬಿದರೆ ಆ ಸಂಸ್ಕಾರವೇ ಕೆಟ್ಟು ಪಿನ್ ಮುರಿಯಲು ಸಿದ್ಧವಾಗುತ್ತದೆ. ನಲವತ್ತು ಟನ್ ಗಾಡಿಯನ್ನು ಹಿಡಿದಿರುವುದು ಆ ಒಂದೇ ಪಿನ್. ಹೊಸದನ್ನೇ ತರಿಸಿ, ಪುಲ್ಲರಿನ ಟರ್ನ್ ಟೇಬಲ್ (ಪಿನ್ ಕಚ್ಚಿಕೊಳ್ಳುವ ತಟ್ಟೆ) ಮೇಲೆ ಉಜ್ಜುವ ದಪ್ಪ ಪ್ಲೇಟನ್ನೂ ಬದಲಿಸಿ, ಪಿನ್ ಪ್ಲೇಟಿಗೆ ಲಂಬವಾಗಿ ನಿಂತಿದೆಯೇ ಎಂದು ಮೂಲೆಮಟ್ಟ ಇಟ್ಟು ನೋಡಿದೆವು.

ಆಕ್ಸಲ್‌ಗಳು ಗಟ್ಟಿಯಾಗಿದ್ದವು, ಟ್ರೇಲರನ್ನು ಉಳಿಸಿಕೊಳ್ಳುವ ನಿರ್ಧಾರಕ್ಕೆ ಮುಖ್ಯ ಬಲ ಬಂದದ್ದು ಇದರಿಂದಲೇ. ಮುರಿದ ಮತ್ತು ಸೊರಗಿದ ಕಮಾನು ಪಟ್ಟಿಗಳನ್ನು ಬದಲಿಸಿ, ಬ್ಯಾಲೆನ್ಸ್ ರಾಕರುಗಳ ಬುಷ್‌ಗಳು, ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುವ ಟಾರ್ಕ್ ರಾಡಿನ ರಬ್ಬರ್ ಬುಷ್‌ಗಳು, ಕಮಾನನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್‌ಗಳನ್ನು ಹೊಸದಾಗಿ ಹಾಕಿಸಿದೆ. ಒಮ್ಮೆ ಬಿಗಿದು ಬಿಚ್ಚಿದ ಯು ಬೋಲ್ಟ್ ಎಳೆದು ಹಿಗ್ಗಿರುತ್ತದೆ, ಅದನ್ನು ಮತ್ತೆ ಬಳಸುವ ಉಳಿತಾಯ ಸಲ್ಲದು. ಬ್ರೇಕ್ ಡ್ರಮ್‌ಗಳಲ್ಲಿ ಎರಡಕ್ಕೆ ಶಾಖದ ಬಿರುಕುಗಳು ಅಂಚಿನವರೆಗೂ ಹೋಗಿದ್ದರಿಂದ ಅವನ್ನು ಬಿಸಾಡಿ, ಉಳಿದವನ್ನು ಲೇತಿಗೆ ಕೊಟ್ಟು, ಒಳವ್ಯಾಸ ಮಿತಿ ದಾಟಿಲ್ಲವೆಂದು ಅಳೆದ ಮೇಲೆಯೇ ಮರಳಿ ಪಡೆದೆ. ಹಳೆಯ ಬ್ರೇಕ್ ಲೈನರುಗಳ ಪುಡಿಯನ್ನು ಹವಾ ಹೊಡೆದು ಊದಲು ಬಿಡಲಿಲ್ಲ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇರುವುದರಿಂದ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಸಿದೆ.

ಆಕ್ಸಲ್ ಸಾಲುಗೂಡಿಸುವ ಕೆಲಸವನ್ನು ಬಹಳ ಕಡೆ ಕಣ್ಣಳತೆಯಲ್ಲಿಯೇ ಮುಗಿಸುತ್ತಾರೆ. ನಾವು ಕಿಂಗ್ ಪಿನ್ನಿನಿಂದ ಮೊದಲ ಆಕ್ಸಲಿನ ಎಡ ತುದಿಗೂ ಬಲ ತುದಿಗೂ ಉಕ್ಕಿನ ಟೇಪ್ ಎಳೆದು, ಎರಡರ ವ್ಯತ್ಯಾಸ 3 ಮಿಲಿಮೀಟರಿನೊಳಗೆ ಬರುವವರೆಗೆ ಟಾರ್ಕ್ ರಾಡನ್ನು ತಿರುಗಿಸುತ್ತಾ ಹೋದೆವು. ಆಮೇಲೆ ಆ ಆಕ್ಸಲನ್ನೇ ಆಧಾರವಾಗಿಟ್ಟುಕೊಂಡು ಹಿಂದಿನ ಎರಡನ್ನು ಅದರ ಅರ್ಧದಷ್ಟು ವ್ಯತ್ಯಾಸಕ್ಕೆ ತಂದೆವು. ಇದು ತಪ್ಪಿದರೆ ಟ್ರೇಲರ್ ಪುಲ್ಲರಿನ ಹಿಂದೆ ಓರೆಯಾಗಿ ನಡೆಯುತ್ತದೆ, ಹನ್ನೆರಡೂ ಟೈರುಗಳು ಪ್ರತಿ ಕಿಲೋಮೀಟರಿನಲ್ಲೂ ತುಸು ಅಡ್ಡಕ್ಕೆ ಉಜ್ಜುತ್ತವೆ. ಟೈರಿನ ಬೆಲೆ ಗೊತ್ತಿರುವ ಯಾರಿಗೂ ಈ ಅರ್ಧ ದಿನದ ಕೆಲಸ ದುಬಾರಿ ಎನಿಸಲಾರದು.

ಹವಾ ಪೈಪುಗಳನ್ನೆಲ್ಲ ಹೊಸದಾಗಿ ಎಳೆದು, ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿದೆವು. ಪುಲ್ಲರಿನಿಂದ ಬರುವ ಹಳದಿ ಪೈಪು ಪೆಡಲ್ ಒತ್ತಿದಾಗ ಬ್ರೇಕ್ ಹಿಡಿಸುತ್ತದೆ, ಕೆಂಪು ಪೈಪು ಟ್ಯಾಂಕಿಗೆ ಹವಾ ತುಂಬುತ್ತದೆ. ಕೆಂಪು ಕಳಚಿದರೆ ಟ್ರೇಲರಿನ ಬ್ರೇಕ್ ತಾನಾಗಿಯೇ ಹಿಡಿಯಬೇಕು. ಹವಾ ಪೂರ್ತಿ ತುಂಬಿದ ಮೇಲೆ ಕೆಂಪು ಪೈಪನ್ನು ಕೈಯಾರೆ ಕಳಚಿದೆವು. ಆರೂ ಚೇಂಬರುಗಳ ರಾಡುಗಳು ಒಟ್ಟಿಗೆ ಹೊರಬಂದು ಚಕ್ರಗಳು ಬಿಗಿದು ನಿಂತವು.

ನೆಲಹಾಸಿಗೆ ಮುನ್ನ ಬೀಮುಗಳನ್ನು ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಮೇಲೆ ಎರಡು ಕೋಟು ಬಣ್ಣ ಕೊಟ್ಟೆವು. ಮಣ್ಣು ಕೂರುವ ಮೂಲೆಗಳಲ್ಲಿ ನೀರು ಇಳಿದುಹೋಗಲು ರಂಧ್ರಗಳನ್ನು ಬಿಡಿಸಿದೆ. ಕಾಯಿಲ್‌ಗಾಗಿ ಉದ್ದನೆಯ ಕಬ್ಬಿಣದ ತೊಟ್ಟಿಲು ಮಾಡಿಸಿದ್ದು ನನ್ನ ಮಟ್ಟಿಗೆ ಬೆಸುಗೆಯಷ್ಟೇ ಮುಖ್ಯವಾದ ಕೆಲಸ. ಕಾಯಿಲ್ ಕೂರುವುದು ಈ ತೊಟ್ಟಿಲಿನಲ್ಲಿ, ತೊಟ್ಟಿಲಿನ ಉದ್ದ ಕಾಲುಗಳು ಹಲವು ಅಡ್ಡಪಟ್ಟಿಗಳ ಮೇಲೆ ಹಾಯುತ್ತವೆ, ಹೀಗಾಗಿ ಒಂದೆರಡು ಅಡಿಯ ಭಾರ ಹತ್ತು ಹನ್ನೆರಡು ಅಡಿಗೆ ಹರಡುತ್ತದೆ. ಬಿರುಕಿಗೆ ಮದ್ದು ಮಾಡಿ ಅದರ ಕಾರಣವನ್ನು ಹಾಗೆಯೇ ಬಿಟ್ಟರೆ ಇಷ್ಟೆಲ್ಲ ಮಾಡಿದ್ದಕ್ಕೆ ಅರ್ಥವಿರುತ್ತಿರಲಿಲ್ಲ.

ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಪರೀಕ್ಷೆಗೆ ಹೋಗುವ ಮುನ್ನ ಹಿಂಬದಿಯ ರಕ್ಷಣಾ ಪಟ್ಟಿ, ಪಕ್ಕದ ರಕ್ಷಣಾ ಪಟ್ಟಿಗಳು, ದೀಪಗಳು, ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ಪ್ರತಿಫಲಕ ಟೇಪು ಎಲ್ಲವನ್ನೂ ಹಾಕಿಸಿದೆ. ಟ್ರೇಲರಿನ ಉದ್ದ, ಅಗಲ, ಆಕ್ಸಲ್‌ಗಳ ಅಂತರವನ್ನು ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಅನುಮತಿ ಬೇಕಾಗುತ್ತದೆ. ನಾವು ಮೂಲ ಅಳತೆಗಳಲ್ಲಿ ಒಂದನ್ನೂ ಮುಟ್ಟದೆ ರಿಪೇರಿ ಮಾತ್ರ ಮಾಡಿದ್ದರಿಂದ ಆ ತೊಡಕು ಬರಲಿಲ್ಲ. ಗ್ರೀಸ್ ಬಳಿದು ಕಾಪಾಡಿದ್ದ ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದಾಗ ಪ್ರತಿ ಅಂಕಿಯೂ ಸ್ಪಷ್ಟವಾಗಿ ಬಂತು. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ ವರ್ಷಕ್ಕೊಮ್ಮೆ ಆಗಬೇಕು, 15 ವರ್ಷ ದಾಟಿದವುಗಳಿಗೆ 2022ರ ಏಪ್ರಿಲ್‌ನಿಂದ ಶುಲ್ಕವೂ ಹೆಚ್ಚಾಗಿದೆ. ಹಳೆಯ ಟ್ರೇಲರ್ ಉಳಿಸಿಕೊಳ್ಳಬೇಕೆನ್ನುವವರು ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ನನಗೆ ಒಟ್ಟು ತಗುಲಿದ್ದು ಹೊಸ ಟ್ರೇಲರಿನ ಬೆಲೆಯ ಅರ್ಧಕ್ಕಿಂತ ಕಡಿಮೆ. ಬೀಮುಗಳ ಜೊತೆ ಆಕ್ಸಲ್‌ಗಳೂ ಕೆಟ್ಟಿದ್ದರೆ ಗುಜರಿಯೇ ಸರಿಯಾದ ದಾರಿಯಾಗುತ್ತಿತ್ತು.

ಮೊದಲ ಲೋಡಿಗೆ ಕಾಯಿಲ್ ಒಪ್ಪಿಕೊಳ್ಳದೆ ಸರಳು ಹೇರಿಸಿ, ಚಿತ್ರದುರ್ಗದವರೆಗೆ ಹೋಗಿ, ಅಲ್ಲಿ ಚಕ್ರದ ನಟ್ಟುಗಳನ್ನು ಮತ್ತೆ ಬಿಗಿಸಿದೆವು. ವಾಪಸು ಬಂದ ಮೇಲೆ ಯು ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಿಂದ ಬಿಗಿದೆವು, ಹೊಸ ಕಮಾನುಗಳು ಭಾರದಡಿ ಕೂತುಕೊಂಡಾಗ ಅವು ಸಡಿಲವಾಗುತ್ತವೆ. ಕುತ್ತಿಗೆಯ ಬೆಸುಗೆಯ ಸುತ್ತ ಬೇಕೆಂದೇ ತಿಳಿ ಬೂದು ಬಣ್ಣ ಹೊಡೆಸಿದ್ದೇನೆ, ಬಿರುಕು ಎದ್ದರೆ ತುಕ್ಕಿನ ಕೆಂಪು ಗೆರೆ ಅದರ ಮೇಲೆ ಬೇಗ ಕಾಣುತ್ತದೆ. ಪ್ರತಿ ಟ್ರಿಪ್ಪಿಗೆ ಮುನ್ನ ಟಾರ್ಚ್ ಹಿಡಿದು ಆ ಜಾಗ ನೋಡುವುದು ಈಗ ಚಾಲಕರ ಕೆಲಸದ ಭಾಗ. ನಮ್ಮ ಎರಡನೆಯ ಟ್ರೇಲರಿನ ನಡುಭಾಗದಲ್ಲಿಯೂ ಅಂಥದೇ ಹಳೆಯ ದಪ್ಪ ತೇಪೆಯೊಂದಿದೆ. ಬಿರುಕಿಗಾಗಿ ಕಾಯದೆ, ಮಳೆಗಾಲದಲ್ಲಿ ಲೋಡ್ ಕಡಿಮೆಯಾಗುತ್ತಿದ್ದಂತೆ ಅದನ್ನು ಕತ್ತರಿಸಿ ತೆಗೆಯುವುದೆಂದು ಮೇಸ್ತ್ರಿಯವರಿಗೆ ಹೇಳಿ ಇಟ್ಟಿದ್ದೇನೆ.